ಸ್ಮಾರ್ಟ್ ವಾಚಿಗೆ ಹಿಡಿಯುವ ಕಿಲುಬು: ಕಾರಣ ಮತ್ತು ಪರಿಹಾರ



ಕಾಫಿ ಮತ್ತು ಅಡಿಕೆ ಬೆಳೆಗಾರರ ಮನೆಗಳಲ್ಲಿ ಸ್ಮಾರ್ಟ್ ವಾಚು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಊರಿನ ತಂದೆ ತಾಯಿಗಳಿಗೆ ಕೊಡಿಸುವ ವಸ್ತುಗಳಲ್ಲಿ ಇದೂ ಒಂದಾಗಿದೆ. ನಡೆದ ಹೆಜ್ಜೆಗಳ ಎಣಿಕೆ, ನಾಡಿಯ ಬಡಿತ, ನಿದ್ರೆಯ ಅವಧಿ ಇವುಗಳನ್ನು ತೋರಿಸುವುದಲ್ಲದೆ, ಕೆಲವು ಮಾದರಿಗಳು ಧರಿಸಿದವರು ಜಾರಿ ಬಿದ್ದರೆ ಅದನ್ನು ಗ್ರಹಿಸಿ, ಮೊದಲೇ ಗುರುತು ಮಾಡಿಟ್ಟ ನಂಬರಿಗೆ ಫೋನಿನ ಮೂಲಕ ಸುದ್ದಿ ಮುಟ್ಟಿಸುತ್ತವೆ. ಮನೆಯಿಂದ ದೂರದ ತೋಟದಲ್ಲಿ ಒಬ್ಬಂಟಿಯಾಗಿ ಓಡಾಡುವ, ಅರವತ್ತು ದಾಟಿದ ಬೆಳೆಗಾರರಿಗೆ ಇದು ಸಣ್ಣ ಅನುಕೂಲವೇನೂ ಅಲ್ಲ.

ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ "ವಾಚು ಚಾರ್ಜೇ ಆಗುವುದಿಲ್ಲ" ಎಂಬ ಮಾತು ಸಂಘದ ಕಛೇರಿಗೆ ಬರುವ ಸದಸ್ಯರಿಂದ ನಮ್ಮ ಕಿವಿಗೆ ಬೀಳುತ್ತದೆ. ಸಾವಿರಾರು ರೂಪಾಯಿ ಬೆಲೆಯ ವಸ್ತು ಮೇಜಿನ ಡ್ರಾಯರು ಸೇರುತ್ತದೆ. ಹಲವು ಸಂದರ್ಭಗಳಲ್ಲಿ ಗಡಿಯಾರ ಕೆಟ್ಟಿರುವುದೇ ಇಲ್ಲ. ಅದರ ಬೆನ್ನಿನ ಮೇಲಿರುವ, ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಲೋಹದ ಚುಕ್ಕೆಗಳಿಗೆ ಕಿಲುಬು ಹಿಡಿದಿರುತ್ತದೆ, ಅಷ್ಟೇ. ಪೂರ್ತಿ ಕೆಟ್ಟ ಗಡಿಯಾರಕ್ಕಿಂತ ಅರ್ಧ ಚಾರ್ಜಾದ ಗಡಿಯಾರ ಹೆಚ್ಚು ಅಪಾಯಕರ. ಬೆಳಿಗ್ಗೆ ಕೈಗೆ ಕಟ್ಟಿಕೊಂಡು ಹೊರಟದ್ದು ಮಧ್ಯಾಹ್ನಕ್ಕೆ ಆರಿಹೋಗಿರುತ್ತದೆ. ಮನೆಯವರಾದರೋ ಅಪ್ಪಯ್ಯನ ಕೈಯಲ್ಲಿ ವಾಚಿದೆ ಎಂಬ ಧೈರ್ಯದಲ್ಲಿರುತ್ತಾರೆ. ಆದ್ದರಿಂದ ಈ ಸಣ್ಣ ವಿಷಯವನ್ನು ತುಸು ವಿವರವಾಗಿ ತಿಳಿಸುವುದು ಯುಕ್ತವೆಂದು ನಮ್ಮ ಭಾವನೆ.

ಮೊದಲಿಗೇ ಒಂದು ಮಾತು. ಈ ಕಿಲುಬಿಗೆ ಮಳೆ ಮತ್ತು ಬೆವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಒದ್ದೆಯಿರುವ ಚುಕ್ಕೆಗಳ ಮೇಲೆ ವಿದ್ಯುತ್ತು ಹರಿಸುವುದೇ ಹೆಚ್ಚಿನ ಕೆಡುಕಿಗೆ ಕಾರಣ. ಒರೆಸಿ, ಒಣಗಿಸಿ, ಅನಂತರ ಚಾರ್ಜಿಗೆ ಇಡುವುದು ಎಂಬ ಒಂದು ನಿಯಮವನ್ನು ಪಾಲಿಸಿದರೆ ಮುಂದೆ ಹೇಳಿರುವ ಚಿಕಿತ್ಸೆಯ ಅಗತ್ಯ ಬಹುಮಟ್ಟಿಗೆ ಬರುವುದಿಲ್ಲ.

ಯಾವ ಗಡಿಯಾರಗಳಿಗೆ ಈ ತೊಂದರೆ?

ಚಾರ್ಜು ಮಾಡುವ ವಿಧಾನದಲ್ಲಿ ಸ್ಮಾರ್ಟ್ ವಾಚುಗಳು ಎರಡು ಬಗೆ. ಒಂದರಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಆಪಲ್ ವಾಚು ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳು ಈ ಜಾತಿಯವು. ಚಾರ್ಜರಿನ ಸುರುಳಿಯಿಂದ ಗಡಿಯಾರದ ಸುರುಳಿಗೆ ಅಯಸ್ಕಾಂತ ಕ್ಷೇತ್ರದ ಮೂಲಕವೇ ಶಕ್ತಿ ದಾಟುತ್ತದೆ. ಇಂಥವುಗಳನ್ನು ಒರೆಸಿಟ್ಟುಕೊಂಡರೆ ಸಾಕು, ಕಿಲುಬಿನ ಭಯವಿಲ್ಲ.

ಇನ್ನೊಂದು ಬಗೆಯಲ್ಲಿ ಗಡಿಯಾರದ ಬೆನ್ನಿನ ಮೇಲೆ ಎರಡು ಅಥವಾ ನಾಲ್ಕು ಲೋಹದ ಚುಕ್ಕೆಗಳಿರುತ್ತವೆ. ಚಾರ್ಜರಿನಲ್ಲಿ ಅಷ್ಟೇ ಸಂಖ್ಯೆಯ ಪಿನ್ನುಗಳು, ಒಳಗೆ ಸಣ್ಣ ಸ್ಪ್ರಿಂಗು, ಹೆಚ್ಚಿನವುಗಳಲ್ಲಿ ಹಿಡಿದುಕೊಳ್ಳಲು ಅಯಸ್ಕಾಂತ. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ಕಡಿಮೆ ಬೆಲೆಯ ಗಡಿಯಾರಗಳಲ್ಲಿ ಬಹುಪಾಲು ಈ ಜಾತಿಯವೇ. ಈ ಚುಕ್ಕೆಗಳನ್ನು ನಾವು ಇಲ್ಲಿ ಪಾಯಿಂಟುಗಳೆಂದು ಕರೆಯೋಣ. ಈ ಲೇಖನ ಅವುಗಳನ್ನು ಕುರಿತದ್ದು.

"ನೀರು ಹೋಗದ ಗಡಿಯಾರ" ಎಂದು ಡಬ್ಬಿಯ ಮೇಲೆ ಬರೆದಿರುವುದರಿಂದ ಕೆಲವರು ನಿಶ್ಚಿಂತೆಯಿಂದಿರುತ್ತಾರೆ. ಐಪಿ 68, 5 ಎಟಿಎಂ ಮುಂತಾದ ಗುರುತುಗಳು ಹೇಳುವುದು ನೀರು ಗಡಿಯಾರದ ಒಳಕ್ಕೆ ನುಗ್ಗುವುದಿಲ್ಲ ಎಂಬುದನ್ನು ಮಾತ್ರ. ಪಾಯಿಂಟುಗಳಿರುವುದು ಹೊರಗೆ. ಅವು ಕಿಲುಬು ಹಿಡಿಯುವುದಿಲ್ಲವೆಂಬ ಭರವಸೆ ಈ ಗುರುತುಗಳಲ್ಲಿಲ್ಲ.

ಕಿಲುಬು ಹೇಗೆ ಹುಟ್ಟುತ್ತದೆ?

1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮೈಲುತುತ್ತ ಮತ್ತು ಸುಣ್ಣ ನಮ್ಮ ಕೈಗೆ ಪರಿಚಿತ ವಸ್ತುಗಳು. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಹದ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದುತ್ತೇವೆ. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಬೇರೇನಲ್ಲ, ತಾಮ್ರ. ಚಾಕುವಿನ ಕಬ್ಬಿಣ ಸ್ವಲ್ಪ ಕರಗಿ ನೀರಿಗೆ ಹೋಗಿ, ಆ ಜಾಗದಲ್ಲಿ ನೀರಿನಲ್ಲಿದ್ದ ತಾಮ್ರ ಬಂದು ಕೂತಿರುತ್ತದೆ. ಲೋಹಗಳಲ್ಲಿ ಬೇಗ ಕರಗುವವು, ನಿಧಾನವಾಗಿ ಕರಗುವವು ಎಂಬ ಅಂತಸ್ತು ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಗಡಿಯಾರದ ಪಾಯಿಂಟಿನಲ್ಲಿಯೂ ಅನೇಕ ವೇಳೆ ಒಂದಕ್ಕಿಂತ ಹೆಚ್ಚು ಲೋಹಗಳಿರುತ್ತವೆ. ತಳದಲ್ಲಿ ತಾಮ್ರದ ಮಿಶ್ರಲೋಹ, ಅದರ ಮೇಲೆ ನಿಕ್ಕಲ್ ಲೇಪ, ಎಲ್ಲಕ್ಕೂ ಮೇಲೆ ಬಹು ತೆಳುವಾದ ಚಿನ್ನದ ಲೇಪ. ಚಿನ್ನಕ್ಕೆ ಬೆವರು ಏನೂ ಮಾಡಲಾರದು. ಆದರೆ ಪಿನ್ನು ದಿನವೂ ಉಜ್ಜಿ ಆ ಲೇಪದಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಬೆವರು ಒಳಗಿನ ಲೋಹವನ್ನು ಮುಟ್ಟುತ್ತದೆ. ಬೆವರೆಂದರೆ ಬರೀ ನೀರಲ್ಲ. ಅದರಲ್ಲಿ ಅಡಿಗೆ ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಇವೆಲ್ಲ ಇವೆ. ಉಪ್ಪುನೀರಿನಲ್ಲಿ ಎರಡು ಲೋಹಗಳು ಕೂಡಿದರೆ ಒಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆ ಇಟ್ಟು ವಿದ್ಯುತ್ತು ಹುಟ್ಟಿಸಿದ್ದು ಹೀಗೆಯೇ. ಇಂಥ ಜೋಡಿಯಲ್ಲಿ ಕರಗುವುದು ಕೆಳ ಅಂತಸ್ತಿನ ಲೋಹ. ಮೇಲೆ ಚಿನ್ನದ ಹರವು ದೊಡ್ಡದು, ಬರಿದಾದ ತಾಣ ಸಣ್ಣದು. ಆದ್ದರಿಂದ ಕೊರೆತವೆಲ್ಲ ಆ ಸಣ್ಣ ತಾಣದಲ್ಲಿಯೇ ನಡೆದು ಗುಳಿ ಬೀಳುತ್ತದೆ.

ಇಷ್ಟು ನಿಧಾನವಾಗಿ ನಡೆಯುವ ಕೆಲಸ. ಒದ್ದೆ ಗಡಿಯಾರವನ್ನು ಚಾರ್ಜಿಗೆ ಇಟ್ಟಾಗ ಅದು ಓಡತೊಡಗುತ್ತದೆ. ಅಕ್ಕಸಾಲಿಗರು ಆಭರಣಕ್ಕೆ ಚಿನ್ನದ ನೀರು ಹಾಕುವಾಗ ಲವಣದ ದ್ರಾವಣದಲ್ಲಿ ವಿದ್ಯುತ್ತು ಹಾಯಿಸಿ ಲೋಹವನ್ನು ಕೂರಿಸುತ್ತಾರೆ. ಇಲ್ಲಿ ನಡೆಯುವುದು ಅದರ ತಿರುಗುಮುರುಗು. ಧನ ಪಾಯಿಂಟಿನಿಂದ ಲೋಹ ಕರಗಿ ಹೊರಬೀಳುತ್ತದೆ. ನೀರನ್ನು ಒಡೆಯಲು ತತ್ತ್ವಶಃ 1.23 ವೋಲ್ಟ್ ಸಾಕು. ಚಾರ್ಜರು ಸಾಮಾನ್ಯವಾಗಿ ಕೊಡುವುದು 5 ವೋಲ್ಟ್. ಎರಡು ಪಾಯಿಂಟುಗಳ ನಡುವೆ ಬೆವರಿನ ಒಂದು ಪೊರೆ ಇದ್ದರೂ ಈ ಕೆಲಸಕ್ಕೆ ಬೇಕಾದುದೆಲ್ಲ ಒದಗಿದಂತಾಯಿತು. ಎರಡು ಪಾಯಿಂಟುಗಳಲ್ಲಿ ಒಂದು ಮಾತ್ರ ಕಪ್ಪಾಗಿ ಸವೆದು, ಇನ್ನೊಂದು ಹೊಸದರಂತೆಯೇ ಇರುವುದನ್ನು ಕೆಲವರು ಕಂಡಿರಬಹುದು. ಅದರ ಗುಟ್ಟು ಇದೇ.

ನಮ್ಮ ತೋಟಗಳಲ್ಲಿ ಬೆವರಿನ ಜೊತೆಗೆ ಬೇರೆ ಸಂಗಾತಿಗಳೂ ಇವೆ. ಪೊಟ್ಯಾಷ್ ಗೊಬ್ಬರವೆಂದು ನಾವು ಎರಚುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡು, ಅಡಿಗೆ ಉಪ್ಪಿನ ಹತ್ತಿರದ ನೆಂಟ. ಗೊಬ್ಬರ ಹಾಕಿದ ಕೈ, ಬೋರ್ಡೋ ಸಿಂಪಡಿಸುವಾಗ ಬಿದ್ದ ಹನಿ, ತಿಂಗಳುಗಟ್ಟಲೆ ಆರದ ಮಳೆಗಾಲದ ತೇವ ಇವೆಲ್ಲ ಸೇರಿ, ಪಟ್ಟಣದಲ್ಲಿ ನಾಲ್ಕಾರು ವರ್ಷ ಬಾಳುವ ಪಾಯಿಂಟನ್ನು ಇಲ್ಲಿ ಬೇಗನೆ ಮುಗಿಸಿಬಿಡಬಲ್ಲವು.

ರೋಗದ ಲಕ್ಷಣಗಳು

ಗಡಿಯಾರವನ್ನು ಚಾರ್ಜರಿನ ಮೇಲೆ ತುಸು ಅಲುಗಿಸಿದರೆ ಚಾರ್ಜು ಹತ್ತುವುದು, ಬಿಟ್ಟರೆ ನಿಲ್ಲುವುದು. ಇಟ್ಟ ಮೇಲೆ ಪದೇ ಪದೇ ಗುಂಯ್ ಎಂದು ನಡುಗುವುದು. ರಾತ್ರಿಯೆಲ್ಲ ಇಟ್ಟರೂ ಪೂರ್ತಿ ತುಂಬದಿರುವುದು. ಇವು ಪಾಯಿಂಟಿನ ತೊಂದರೆಯ ಸೂಚನೆಗಳು.

ಪೂರ್ತಿ ಏಕೆ ತುಂಬುವುದಿಲ್ಲ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇವೆ. ಒಳಗಿನ ಲಿಥಿಯಂ ಬ್ಯಾಟರಿ ತುಂಬಬೇಕಾದರೆ ಅದರ ವೋಲ್ಟೇಜು ಸಾಮಾನ್ಯವಾಗಿ 4.2ರವರೆಗೆ, ಕೆಲವುಗಳಲ್ಲಿ ಅದಕ್ಕೂ ತುಸು ಮೇಲಕ್ಕೆ ಏರಬೇಕು. ಕಿಲುಬು 5 ಓಮ್‌ಗಳಷ್ಟು ತಡೆ ಒಡ್ಡುತ್ತದೆಂದೂ ಹರಿಯುವ ವಿದ್ಯುತ್ತು 0.2 ಆಂಪಿಯರ್ ಎಂದೂ ಇಟ್ಟುಕೊಳ್ಳೋಣ. ಎರಡನ್ನೂ ಗುಣಿಸಿದರೆ 1 ವೋಲ್ಟ್. ಚಾರ್ಜರಿನ 5 ವೋಲ್ಟಿನಲ್ಲಿ ಅಷ್ಟು ಕಿಲುಬಿನಲ್ಲಿಯೇ ವ್ಯಯವಾಗಿ ಒಳಗೆ ಮುಟ್ಟುವುದು 4 ವೋಲ್ಟ್ ಮಾತ್ರ. ಗುಡ್ಡದ ಮೇಲಿನ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಕಸ ಕಟ್ಟಿದರೆ ಕೆಳಗಿನ ನಲ್ಲಿಯಲ್ಲಿ ರಭಸ ತಗ್ಗುವ ಹಾಗೆ ಇದು. ಚಾರ್ಜು ಆಮೆಯಂತೆ ನಡೆಯುತ್ತದೆ, ಇಲ್ಲವೇ ನಿಂತೇ ಬಿಡುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಚಾರ್ಜು ಬೇಗನೆ ನೂರಕ್ಕೆ ಏರಿ ಅಷ್ಟೇ ಬೇಗ ಇಳಿದುಹೋಗುತ್ತಿದ್ದರೆ ಅದು ಬ್ಯಾಟರಿಯ ಮುಪ್ಪು. ಪಾಯಿಂಟು ಉಜ್ಜಿ ಫಲವಿಲ್ಲ.

ಬಣ್ಣದಿಂದಲೂ ಕೆಲವು ಸಂಗತಿ ತಿಳಿಯುತ್ತದೆ. ಬಿಳಿ ಅಥವಾ ಬೂದು ಪುಡಿ ಒಣಗಿದ ಬೆವರು ಮತ್ತು ಸೋಪಿನ ಶೇಷ. ಹಸಿರು ಅಥವಾ ನೀಲಿಹಸಿರು ತಾಮ್ರದ ಕಿಲುಬು, ಇಲ್ಲವೇ ಒಣಗಿ ಅಂಟಿದ ಬೋರ್ಡೋ. ಒಂದೇ ಪಾಯಿಂಟಿನ ಮೇಲೆ ಕಪ್ಪು ಕಲೆಯಿದ್ದರೆ ಒದ್ದೆಯಲ್ಲಿ ಚಾರ್ಜು ಮಾಡಿದ್ದರ ಗುರುತಾಗಿರಬಹುದು. ಕೆಂಗಂದು ಪುಡಿ ಕಬ್ಬಿಣದ ತುಕ್ಕು; ಇದು ಹೆಚ್ಚಾಗಿ ಚಾರ್ಜರಿನ ಅಯಸ್ಕಾಂತ ಸೆಳೆದುಕೊಂಡದ್ದು. ಕತ್ತಿ ಮಸೆಯುವ ಜಾಗದಲ್ಲಿ ಚಾರ್ಜರು ಇಟ್ಟವರಿಗೆ ಇದರ ಅನುಭವವಾದೀತು.

ಶುಚಿ ಮಾಡುವ ಕ್ರಮ

ಬೇಕಾದ ಸಾಮಾನು: ಮೃದುವಾದ ಹಳೆಯ ಹಲ್ಲುಜ್ಜುವ ಬ್ರಷ್ಷು, ಕಿವಿ ಶುಚಿ ಮಾಡುವ ಹತ್ತಿಯ ಕಡ್ಡಿ, ಔಷಧಿ ಅಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೊಹಾಲು, ಬಣ್ಣವಿಲ್ಲದ ವಿನೆಗರ್ ಕೆಲವು ಹನಿ, ಪೆನ್ಸಿಲ್ ಅಳಿಸುವ ರಬ್ಬರು, ಒಂದು ಭೂತಗನ್ನಡಿ. ಕೈ ಶುಚಿಗೆ ಬಳಸುವ ಲೋಳೆಯಂಥ ಸ್ಯಾನಿಟೈಸರು ಬೇಡ. ಅದರಲ್ಲಿನ ಇತರ ಪದಾರ್ಥಗಳು ಅಂಟಾಗಿ ಉಳಿಯುತ್ತವೆ.

1. ಗಡಿಯಾರವನ್ನು ಆಫ್ ಮಾಡಿ. ಚಾರ್ಜರನ್ನು ಗೋಡೆಯ ಪ್ಲಗ್ಗಿನಿಂದ ಕಳಚಿ. ಪಟ್ಟಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿಡಿ.

2. ಹಗಲು ಬೆಳಕಿನಲ್ಲಿ ಭೂತಗನ್ನಡಿಯಿಂದ ಪಾಯಿಂಟುಗಳನ್ನು ನೋಡಿ. ಬರೀ ಕೊಳೆಯೋ, ಕಿಲುಬೋ, ಗುಳಿ ಬಿದ್ದಿದೆಯೋ ಗುರುತಿಸಿ.

3. ಒಣ ಬ್ರಷ್ಷಿನಿಂದ ಪುಡಿಯನ್ನು ಹೊರಕ್ಕೆ ಗುಡಿಸಿ.

4. ಶುದ್ಧ ನೀರಿನಲ್ಲಿ ತೇವ ಮಾಡಿದ ಹತ್ತಿಕಡ್ಡಿಯಿಂದ ಎರಡು ಬಾರಿ ಒರೆಸಿ. ಉಪ್ಪು ಕರಗುವುದು ನೀರಿನಲ್ಲಿ. ಆಲ್ಕೊಹಾಲಿನಲ್ಲಿ ಅದು ಅಷ್ಟಾಗಿ ಕರಗದು. ಅನೇಕರು ಈ ಹೆಜ್ಜೆ ಬಿಟ್ಟು ನೇರವಾಗಿ ಆಲ್ಕೊಹಾಲಿಗೆ ಹೋಗುವುದರಿಂದ ಉಪ್ಪು ಅಲ್ಲಿಯೇ ಉಳಿಯುತ್ತದೆ.

5. ಅನಂತರ ಆಲ್ಕೊಹಾಲಿನ ಕಡ್ಡಿಯಿಂದ ಒರೆಸಿ. ಜಿಡ್ಡು ಹೋಗುತ್ತದೆ, ಉಳಿದ ನೀರೂ ಆರುತ್ತದೆ. ಬರೀ ಬೆವರಿನ ಕೊಳೆಯಾಗಿದ್ದರೆ ಇಷ್ಟಕ್ಕೇ ಕೆಲಸ ಮುಗಿಯಿತು.

6. ಹಸಿರು ಕಿಲುಬು ಉಳಿದಿದ್ದರೆ ಹತ್ತಿಕಡ್ಡಿಯ ತುದಿಗೆ ವಿನೆಗರ್ ತಾಗಿಸಿ, ಹಿಂಡಿ, ಪಾಯಿಂಟಿನ ಮೇಲೆ ಮಾತ್ರ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೂಡಲೇ ನೀರಿನ ಕಡ್ಡಿಯಿಂದ ಎರಡು ಸಲ, ಆಲ್ಕೊಹಾಲಿನಿಂದ ಒಂದು ಸಲ ಒರೆಸಿ. ವಿನೆಗರ್ ಆಮ್ಲ, ಅದನ್ನು ಅಲ್ಲಿಯೇ ಬಿಟ್ಟರೆ ಹೊಸ ಕಿಲುಬಿಗೆ ನಾವೇ ಬಿತ್ತನೆ ಮಾಡಿದಂತೆ.

7. ಇಷ್ಟಾದರೂ ಕಪ್ಪು ಪೊರೆ ಇದ್ದರೆ ರಬ್ಬರಿನ ಮೂಲೆಯಿಂದ ನಾಲ್ಕಾರು ಸಲ ಹಗುರವಾಗಿ ಉಜ್ಜಿ, ಪುಡಿಯನ್ನು ಗುಡಿಸಿ. ರಬ್ಬರು ಚಿನ್ನದ ಲೇಪವನ್ನೂ ಸವೆಸುತ್ತದೆ. ಆದ್ದರಿಂದ ಇದು ಕಡೆಯ ಉಪಾಯವೇ ಹೊರತು ತಿಂಗಳಿಗೊಮ್ಮೆ ಮಾಡುವ ಕೆಲಸವಲ್ಲ.

8. ಚಾರ್ಜರಿನ ಪಿನ್ನುಗಳಿಗೂ ಇದೇ ಉಪಚಾರ ಮಾಡಿ. ಮರದ ಹಲ್ಲುಕಡ್ಡಿಯಿಂದ ಪ್ರತಿಯೊಂದು ಪಿನ್ನನ್ನೂ ಮೆಲ್ಲನೆ ಅದುಮಿ ನೋಡಿ. ಒಳಗೆ ಹೋಗಿ ತಾನಾಗಿ ಪುಟಿದು ಬರಬೇಕು. ಸಿಕ್ಕಿಕೊಂಡ ಪಿನ್ನಿಗೆ ಒಂದು ಹನಿ ಆಲ್ಕೊಹಾಲು ಬಿಟ್ಟು ಹತ್ತಾರು ಬಾರಿ ಅದುಮಿದರೆ ಅನೇಕ ವೇಳೆ ಬಿಡಿಸಿಕೊಳ್ಳುತ್ತದೆ. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಬ್ರಷ್ಷಿಗೆ ಬರುವುದಿಲ್ಲ. ಅಂಟು ಟೇಪನ್ನು ಒತ್ತಿ ಕೀಳಿ.

9. ಅರ್ಧ ಗಂಟೆ ನೆರಳಿನಲ್ಲಿ ಗಾಳಿಗೆ ಆರಿಸಿ, ಅನಂತರ ಚಾರ್ಜಿಗೆ ಇಡಿ. ಹತ್ತು ನಿಮಿಷದ ಬಳಿಕ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ತಕ್ಷಣ ತೆಗೆಯಿರಿ.

ಮಾಡಬಾರದ ಕೆಲಸಗಳು

ತಾಮ್ರದ ಚೊಂಬನ್ನು ಹುಣಿಸೆಹಣ್ಣು, ಉಪ್ಪು ಹಾಕಿ ಬೆಳಗುವುದು ನಮ್ಮ ಮನೆಗಳ ರೂಢಿ. ಚೊಂಬಿಗೆ ಅದು ಸರಿ. ಚೊಂಬನ್ನು ಬಿಂದಿಗೆಗಟ್ಟಲೆ ನೀರಿನಲ್ಲಿ ತೊಳೆಯುತ್ತೇವೆ. ಗಡಿಯಾರದ ಸಂದಿಯಲ್ಲಿ ಉಳಿದ ಉಪ್ಪು ಮಾತ್ರ ಹೋಗುವುದಿಲ್ಲ. ಬೂದಿ, ಪಾತ್ರೆ ಪುಡಿ, ಸ್ಯಾಂಡ್‌ಪೇಪರು, ಚಾಕುವಿನ ಮೊನೆ ಇವು ಒಂದೇ ಸಲಕ್ಕೆ ಲೇಪವನ್ನು ಕಿತ್ತು ತಾಮ್ರವನ್ನು ಬಯಲು ಮಾಡುತ್ತವೆ. ಆ ದಿನ ಚೆನ್ನಾಗಿ ಚಾರ್ಜಾಗುತ್ತದೆ, ಮುಂದಿನ ತಿಂಗಳು ಮೊದಲಿಗಿಂತ ಹೆಚ್ಚು ಕಿಲುಬು ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲು ನೀರು ತಡೆಯುವ ರಬ್ಬರಿಗೂ ಅಂಟಿಗೂ ಶತ್ರುಗಳು. ಗ್ರೀಸು, ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ. ಒದ್ದೆ ಗಡಿಯಾರವನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಅಕ್ಕಿಯ ಹುಡಿ ಪಾಯಿಂಟಿಗೆ ಮೆತ್ತುತ್ತದೆ. ಒಲೆಯ ಬಳಿ, ಅಡಿಕೆ ಒಣಗಿಸುವ ಡ್ರೈಯರಿನ ಮೇಲೆ ಇಡುವುದಂತೂ ಖಂಡಿತ ಕೂಡದು. ಲಿಥಿಯಂ ಬ್ಯಾಟರಿಗೆ ಕಾವು ಆಗದು.

ಇನ್ನೊಂದು ಎಚ್ಚರಿಕೆ. ಎರಡು ಪಿನ್ನಿನ ಚಾರ್ಜರುಗಳೆಲ್ಲ ನೋಡಲು ಒಂದೇ ತೆರ ಇರುತ್ತವೆ. ಆದರೆ ಧನ, ಋಣಗಳ ಸ್ಥಾನ ಒಂದು ಮಾದರಿಯಿಂದ ಇನ್ನೊಂದಕ್ಕೆ ಅದಲುಬದಲಾಗಿರಬಹುದು. ಪಕ್ಕದ ಮನೆಯ ಚಾರ್ಜರು ಕೂತುಕೊಂಡಿತೆಂದು ಹಾಕಿ ನೋಡುವುದು ತರವಲ್ಲ. ಅದೇ ಮಾದರಿಯದಾದರೆ ಮಾತ್ರ ಹಾಕಿ. ಹಾಗೆ ಹಾಕಿದಾಗ ಚಾರ್ಜು ಸರಿಯಾಗಿ ಹತ್ತಿದರೆ ದೋಷ ನಿಮ್ಮ ಚಾರ್ಜರಿನದೆಂದು ತಿಳಿಯುತ್ತದೆ; ಹೊಸ ಚಾರ್ಜರಿನ ಬೆಲೆ ಹೊಸ ಗಡಿಯಾರದ ಬೆಲೆಗಿಂತ ಎಷ್ಟೋ ಕಡಿಮೆ.

ಎಲ್ಲಿಗೆ ನಿಲ್ಲಿಸಬೇಕು?

ಪಾಯಿಂಟು ಕರಗಿ ಗುಳಿ ಬಿದ್ದಿದ್ದರೆ, ಅಲುಗಾಡುತ್ತಿದ್ದರೆ ಮನೆಯ ಚಿಕಿತ್ಸೆ ನಡೆಯುವುದಿಲ್ಲ. ದುರಸ್ತಿಯವರಲ್ಲಿ ಖರ್ಚು ಕೇಳಿ, ಹೊಸದರ ಬೆಲೆಯೊಡನೆ ತೂಗಿ ನೋಡಿ. ವಾರಂಟಿ ಅವಧಿಯಿದ್ದರೆ ಬಿಲ್ಲಿನೊಡನೆ ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಒಯ್ಯಿರಿ. ಬೇರೆಯವರಿಂದ ಬಿಚ್ಚಿಸಿದರೆ ಆ ಹಕ್ಕು ತಪ್ಪಬಹುದು. ಪಾಯಿಂಟು ತಾಗುವ ಜಾಗದಲ್ಲಿ ಚರ್ಮ ಕೆಂಪಾಗಿ ತುರಿಸಿದರೆ ಧರಿಸುವುದನ್ನು ನಿಲ್ಲಿಸಿ. ಕೆಲವರಿಗೆ ನಿಕ್ಕಲ್ ಒಗ್ಗುವುದಿಲ್ಲ. ಗಡಿಯಾರದ ಬೆನ್ನು ಉಬ್ಬಿದ್ದರೆ, ಗಾಜು ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜು ಮಾಡಬಾರದು.

ಸತ್ತ ಗಡಿಯಾರವನ್ನು ಗೊಬ್ಬರದ ಗುಂಡಿಗೋ ಬೆಂಕಿಗೋ ಹಾಕುವುದು ಅಪಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ, 2022ರ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಪಟ್ಟಣಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟು ಬನ್ನಿ.

ದಿನನಿತ್ಯದ ಕ್ರಮ

ಸಂಜೆ ತೋಟದಿಂದ ಬಂದ ಕೂಡಲೇ ಗಡಿಯಾರ ಬಿಚ್ಚಿ, ಅದು ನೀರು ತಡೆಯುವ ಜಾತಿಯದಾಗಿದ್ದರೆ ಬೆನ್ನನ್ನು ತಣ್ಣೀರಿನಲ್ಲಿ ತೊಳೆಯಿರಿ. ಹಾಗಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಹತ್ತಿಬಟ್ಟೆಯಲ್ಲಿ ಒರೆಸಿಟ್ಟು ಸ್ನಾನಕ್ಕೆ ಹೋಗಿ. ನೀವು ಬರುವಷ್ಟರಲ್ಲಿ ಆರಿರುತ್ತದೆ. ಆಗ ಚಾರ್ಜಿಗೆ ಇಡಿ. ತುಂಬಿದ ಮೇಲೆ ತೆಗೆದುಬಿಡಿ. ಗಾರ್ಮಿನ್ ಕಂಪನಿಯ ಕೈಪಿಡಿಗಳಲ್ಲಿಯೂ ಚಾರ್ಜಿಗೆ ಮುನ್ನ ಪಾಯಿಂಟುಗಳನ್ನೂ ಸುತ್ತಲ ಜಾಗವನ್ನೂ ಶುಚಿ ಮಾಡಿ ಒಣಗಿಸಿ ಎಂದೇ ಸೂಚಿಸಿದ್ದಾರೆ. ಬೋರ್ಡೋ ಬೆರೆಸುವಾಗ, ಗೊಬ್ಬರ ಎರಚುವಾಗ ಗಡಿಯಾರವನ್ನು ಬಿಚ್ಚಿಡಿ. ಬಿಚ್ಚಲಾಗದಿದ್ದರೆ ತೋಳಿನ ಒಳಗೆ ಮುಚ್ಚಿಕೊಳ್ಳಿ. ಬಿದ್ದ ಹನಿ ಒಣಗುವ ಮುನ್ನ ಒರೆಸಿದರೆ ಹೋಗುತ್ತದೆ. ಎಲೆಗೆ ಅಂಟಿ ಮಳೆಗೆ ತೊಳೆಯದಿರುವುದು ಬೋರ್ಡೋದ ಗುಣ. ಒಣಗಿದರೆ ಗಡಿಯಾರಕ್ಕೂ ಹಾಗೆಯೇ ಅಂಟುತ್ತದೆ.

ಗಡಿಯಾರ ಎಷ್ಟೇ ಚೆನ್ನಾಗಿದ್ದರೂ ಅದರ ಮಿತಿಯನ್ನು ಮರೆಯತಕ್ಕದ್ದಲ್ಲ. ನಾಡಿ ತೋರಿಸುವ ಗಡಿಯಾರ ವೈದ್ಯರ ಬದಲಿಗೆ ಅಲ್ಲ. ಬಿದ್ದ ಸುದ್ದಿ ಹೊರಗೆ ಹೋಗಬೇಕಾದರೆ ಫೋನಿಗೆ ಸಿಗ್ನಲ್ಲು ಬೇಕು. ನಮ್ಮ ಎಷ್ಟೋ ಕಣಿವೆಗಳಲ್ಲಿ ಅದಿಲ್ಲ. ಯಾವ ತೋಟಕ್ಕೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿ ಹೋಗುವ ಹಳೆಯ ರೂಢಿಯನ್ನು ಬಿಡುವುದು ಬೇಡ.

ಸಿಂಪರಣೆ ಮುಗಿದ ಸಂಜೆ ಸ್ಪ್ರೇಯರನ್ನು ತೊಳೆಯದೆ ಇಡುವ ಬೆಳೆಗಾರರು ನಮ್ಮಲ್ಲಿ ಯಾರೂ ಇರಲಾರರು. ಅದರ ಅರ್ಧದಷ್ಟು ಕಾಳಜಿ ಗಡಿಯಾರಕ್ಕೆ ದೊರೆತರೂ ಸಾಕು. ಸಂಘದ ಕಛೇರಿಯಲ್ಲಿ ಒಂದು ಭೂತಗನ್ನಡಿ, ಬ್ರಷ್ಷು, ಆಲ್ಕೊಹಾಲಿನ ಸೀಸೆ ಇಡಿಸಿದ್ದೇವೆ. ಚಾರ್ಜಾಗದ ಗಡಿಯಾರ ಮನೆಯ ಡ್ರಾಯರಿನಲ್ಲಿದ್ದರೆ, ಮುಂದಿನ ಸಲ ಗೊಬ್ಬರಕ್ಕೋ ಲೆಕ್ಕಕ್ಕೋ ಬರುವಾಗ ಚಾರ್ಜರಿನ ಸಮೇತ ಜೇಬಿಗೆ ಹಾಕಿಕೊಂಡು ಬನ್ನಿ. ಕೂತು ನೋಡೋಣ.

— ಕಾರ್ಯದರ್ಶಿ